ಮೇಲಿನಿಂದ ಕಂಡ ಊರು

ಈ ಸ್ಮರಣ ಸಂಚಿಕೆಗೆ ವಿದ್ಯಾಭ್ಯಾಸದ ವಿಷಯವಾಗಿಯೇ ಬರೆಯುವುದು ನಮ್ಮ ರೂಢಿ. ಈ ಸಾರಿ ಚಿತ್ರಕಲೆಯ ಒಂದು ಹೊಸ ಶಾಖೆಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನಮ್ಮ ಅಪೇಕ್ಷೆ. ಆಕಾಶದಿಂದ ಊರುಗಳ ಛಾಯಾಚಿತ್ರವನ್ನು ತೆಗೆಯುವುದೇ ಆ ಕಲೆ. ಇದು ದೊಡ್ಡ ಪಟ್ಟಣದವರ ವಿನೋದವೆಂದು ಮಲೆನಾಡಿನ ತಾಯ್ತಂದೆಗಳು ತಳ್ಳಿಹಾಕುವಂತಿಲ್ಲ. ಇಂದು ಮದುವೆಯ ಚಪ್ಪರದ ಮೇಲೂ ತೇರಿನ ಬೀದಿಯ ಮೇಲೂ ಡ್ರೋನ್ ಎಂಬ ಪುಟ್ಟ ಯಂತ್ರವು ದುಂಬಿಯಂತೆ ಮೊರೆಯುತ್ತ ಸುಳಿದಾಡುವುದನ್ನು ಕಾಣದವರು ಯಾರು?

ಈ ಕಲೆಯ ಬೇರು ಹಳೆಯದು. 1858ರಲ್ಲಿ ಫ್ರಾನ್ಸಿನ ನಾದಾರ್ ಎಂಬ ಛಾಯಾಗ್ರಾಹಕನು ಬೆಲೂನಿನಲ್ಲಿ ಏರಿ, ಪ್ಯಾರಿಸ್ ನಗರದ ಬಳಿ ಮೊದಲ ಬಾರಿಗೆ ಇಂತಹ ಚಿತ್ರವನ್ನು ತೆಗೆದನು. ಆ ಪಟಗಳು ಈಗ ಉಳಿದಿಲ್ಲ. ಉಳಿದಿರುವವುಗಳಲ್ಲಿ ಅತ್ಯಂತ ಹಳೆಯದು 1860ರ ಅಕ್ಟೋಬರಿನಲ್ಲಿ ಅಮೆರಿಕೆಯ ಬಾಸ್ಟನ್ ನಗರದ ಮೇಲೆ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಎಂಬವರು ತೆಗೆದ ಪಟ. ಹದ್ದು ಮತ್ತು ಕಾಡುಬಾತುಗಳು ಕಾಣುವಂತೆ ಬಾಸ್ಟನ್ ಎಂಬುದಾಗಿ ಅದಕ್ಕೆ ಹೆಸರಾಯಿತು. ಮುಂದೆ 1906ರಲ್ಲಿ ಭೂಕಂಪದಿಂದಲೂ ಬೆಂಕಿಯಿಂದಲೂ ಹಾಳಾದ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಜಾರ್ಜ್ ಲಾರೆನ್ಸ್ ಎಂಬವರು ಗಾಳಿಪಟಗಳಿಗೆ ಕ್ಯಾಮೆರಾವನ್ನು ಕಟ್ಟಿ ಮೇಲೇರಿಸಿ ಚಿತ್ರಿಸಿದರು. ಜರ್ಮನಿಯಲ್ಲಿ ಔಷಧ ವ್ಯಾಪಾರಿಯಾಗಿದ್ದ ಜೂಲಿಯಸ್ ನ್ಯೂಬ್ರೋನರ್ ಎಂಬಾತನಂತೂ ಅದೇ ಕಾಲದಲ್ಲಿ ಪಾರಿವಾಳಗಳ ಎದೆಗೇ ಕಿರಿದಾದ ಕ್ಯಾಮೆರಾಗಳನ್ನು ಕಟ್ಟಿ ಹಾರಿಬಿಟ್ಟನು.

ಯಂತ್ರವು ಮೇಲೇರಿದ ಮಾತ್ರಕ್ಕೆ ಕಲೆಯಾಗುವುದೇ ಎಂದು ಕೇಳಬಹುದು. ಆಗುವುದಿಲ್ಲವೆಂದೇ ನಮ್ಮ ಉತ್ತರ. ಯಾವ ಎತ್ತರದಲ್ಲಿ, ಯಾವ ಹೊತ್ತಿನ ಬಿಸಿಲಿನಲ್ಲಿ, ಏನನ್ನು ಒಳಗಿಟ್ಟು ಏನನ್ನು ಹೊರಗೆ ಬಿಡಬೇಕು ಎಂಬ ವಿವೇಕದಲ್ಲಿ ಕಲೆಯಿದೆ. 1928ರಲ್ಲಿ ಮೊಹೋಲಿ-ನಾಜ್ ಎಂಬ ಕಲಾವಿದರು ಬರ್ಲಿನ್ ನಗರದ ರೇಡಿಯೋ ಗೋಪುರದ ಮೇಲಿನಿಂದ ನೇರವಾಗಿ ಕೆಳಗೆ ನೋಡಿ ತೆಗೆದ ಪಟದಲ್ಲಿ, ನಿತ್ಯದ ನೆಲವೇ ವೃತ್ತಗಳೂ ಗೆರೆಗಳೂ ಕೂಡಿದ ಚಿತ್ತಾರವಾಯಿತು. 1999ರಲ್ಲಿ ಪ್ರಕಟವಾದ ಯಾನ್ ಆರ್ತೂಸ್-ಬೆರ್ತ್ರಾನ್ ಅವರ ಆಕಾಶಚಿತ್ರಗಳನ್ನು ಮರುವರ್ಷ ಪ್ಯಾರಿಸ್ಸಿನ ಉದ್ಯಾನವೊಂದರ ಬೇಲಿಯ ಮೇಲೆಯೇ ತೂಗುಹಾಕಿದ್ದರಿಂದ ದಾರಿಹೋಕರೂ ಅವನ್ನು ನೋಡುವಂತಾಯಿತು. ನಮ್ಮ ದೇಶದಲ್ಲಿ ಮುಂಬಯಿಯ ವಾಸ್ತುಶಿಲ್ಪಿ ರಾಬರ್ಟ್ ಸ್ಟೀಫನ್ಸ್ ಅವರು ನಗರಗಳ ಆಕಾಶಚಿತ್ರಗಳ ಜೊತೆಗೆ ಹಳೆಯ ದಾಖಲೆಗಳ ಮಾತುಗಳನ್ನು ಜೋಡಿಸಿ ತೋರಿಸುತ್ತಿದ್ದಾರೆ.

ಎತ್ತರವು ಕೆಲವು ಸತ್ಯಗಳನ್ನು ಬಯಲಿಗೆ ತರುವುದು. ಸಕಲೇಶಪುರದ ಮಂಜರಾಬಾದ್ ಕೋಟೆಯನ್ನು ಟೀಪೂ ಸುಲ್ತಾನನು 1792ರಲ್ಲಿ ಎಂಟು ಮೂಲೆಯ ನಕ್ಷತ್ರದಂತೆ ಕಟ್ಟಿಸಿದನು. ಒಳಗೆ ನಿಂತವನಿಗೆ ಅಲ್ಲಿ ಗೋಡೆಗಳಷ್ಟೇ ಕಾಣುವುವು. ಮೇಲಿನಿಂದ ನೋಡಿದರೆ ನಕ್ಷತ್ರವು ಕಣ್ಣಿಗೆ ಬೀಳುವುದು. ಬೆಂಗಳೂರಿನ ಹಳೆಯ ಪೇಟೆಯನ್ನು ಮೇಲಿನಿಂದ ನೋಡಿದರೆ, ದೊಡ್ಡಪೇಟೆ ಚಿಕ್ಕಪೇಟೆಗಳು ಒಂದನ್ನೊಂದು ದಾಟುವ ಹಾದಿ ಇಂದಿಗೂ ತೋರುವುದು. ಆದರೆ ಸಂಪಂಗಿ ಕೆರೆಯಿದ್ದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ಸುಗಳು ಸಾಲುಗಟ್ಟಿವೆ. ದಕ್ಷಿಣ ಆಫ್ರಿಕದಲ್ಲಿ 2016ರಿಂದ ಜಾನಿ ಮಿಲ್ಲರ್ ಅವರು ಡ್ರೋನಿನಿಂದ ತೆಗೆದ ಪಟಗಳಲ್ಲಿ ಒಂದು ರಸ್ತೆಯ ಈಚೆ ಈಜುಕೊಳವಿರುವ ಬಂಗಲೆಗಳು, ಆಚೆ ಒತ್ತೊತ್ತಾದ ತಗಡಿನ ಗುಡಿಸಲುಗಳು. ಕೆಳಗೆ ಗೋಡೆಯೂ ಮರಗಳೂ ಮರೆಮಾಡಿದ್ದ ಅನ್ಯಾಯವನ್ನು ಆ ಚಿತ್ರಗಳು ಮಾತಿಲ್ಲದೆ ಹೇಳಿದುವು.

ಇವನ್ನೆಲ್ಲ ಒಂಬತ್ತನೆಯ ತರಗತಿಯ ಮಕ್ಕಳಿಗೆ ವಿವರಿಸುವ ಸಲುವಾಗಿ, ಮದುವೆಗಳ ಚಿತ್ರ ತೆಗೆಯುವ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಮ್ಮನಿಂದ ಎರಡು ಪಟಗಳನ್ನು ತರಿಸಿಕೊಂಡೆವು. ಮೊದಲನೆಯದು ನಮ್ಮ ರಿಪ್ಪನ್‌ಪೇಟೆಯದು. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಗೆ ಹೋಗುವ ದಾರಿಗಳು ನಡುವೆ ಕೂಡಿದ್ದುವು. ಸುತ್ತಲೂ ಹೆಂಚಿನ ಕೆಂಪು, ತಗಡಿನ ಬಿಳುಪು, ಆಚೆ ಅಡಿಕೆ ತೋಟಗಳ ಕಡುಹಸಿರು. ದಾರಿಗಳ ಕೂಡಲಿನಿಂದ ಪೇಟೆ ಹುಟ್ಟುವುದೆಂಬ ಪಾಠವನ್ನು ಪುಸ್ತಕದಲ್ಲಿ ಎಷ್ಟು ಸಾರಿ ಓದಿಸಿದರೂ ತಿಳಿಯದವರಿಗೆ ಅದು ಒಂದೇ ನೋಟಕ್ಕೆ ತಿಳಿಯಿತು. ಮಕ್ಕಳು ತಮ್ಮ ತಮ್ಮ ಮನೆಯ ಮಾಡನ್ನು ಹುಡುಕುವ ಗದ್ದಲದಲ್ಲಿ ಗಂಟೆ ಬಾರಿಸಿದ್ದೇ ಕೇಳಿಸಲಿಲ್ಲ.

ಎರಡನೆಯದು ಶರಾವತಿಯ ಹಿನ್ನೀರು. ನೀಲಿಯ ನಡುವೆ ಹಸಿರು ನಡುಗಡ್ಡೆಗಳು, ಅವುಗಳ ಅಂಚಿಗೆ ಕೆಮ್ಮಣ್ಣಿನ ಜರಿ, ಅಡ್ಡಲಾಗಿ ಎಳೆದ ದಾರದಂತೆ 2025ರ ಜುಲೈಯಲ್ಲಿ ತೆರೆದ ಸಿಗಂದೂರಿನ ಸೇತುವೆ. ಎಲ್ಲರೂ ಎಷ್ಟು ಚೆಂದವೆಂದು ಉದ್ಗರಿಸಿದರು. ಹಿಂದಿನ ಬೆಂಚಿನ ಒಬ್ಬ ಬಾಲಿಕೆ ಮಾತ್ರ ಸುಮ್ಮನಿದ್ದವಳು, ಕೊನೆಗೆ ಎದ್ದುನಿಂತು, “ಮಿಸ್, ನಮ್ಮಜ್ಜ ಹುಟ್ಟಿದ ಮನೆ ಈ ನೀಲಿಯ ಅಡಿಯಲ್ಲಿದೆಯಂತೆ” ಎಂದಳು. ತರಗತಿ ನಿಶ್ಶಬ್ದವಾಯಿತು. ನಮಗೂ ಕ್ಷಣಕಾಲ ಮಾತು ಹೊರಡಲಿಲ್ಲ.

ಆ ಮಗುವಿನ ಮಾತಿನಲ್ಲಿ ಈ ಕಲೆಯ ಮೇಲೆ ಹೇಳಬಹುದಾದ ದೊಡ್ಡ ಆಕ್ಷೇಪಣೆ ಅಡಗಿದೆ. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಮುಗಿಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಹಳೆಯ ಅಣೆಕಟ್ಟೆಯೇ ಹೊಸ ನೀರಿನಲ್ಲಿ ಮುಳುಗಿತು. ನಾಡಿಗೆ ದೀಪ ಬಂದಿತು. ಸಾಗರ ಹೊಸನಗರ ಸೀಮೆಯ ಅನೇಕ ಹಳ್ಳಿಗಳು ಗದ್ದೆ ತೋಟ ಗುಡಿಗಳ ಸಮೇತ ನೀರಿನ ಪಾಲಾದುವು. ಬೇಸಗೆಯಲ್ಲಿ ನೀರು ಬಹಳ ತಗ್ಗಿದಾಗ ಹಳೆಯ ಕಟ್ಟೆ ಮರಳಿ ತಲೆಯೆತ್ತುವುದುಂಟು. ಮನೆ ಬಿಟ್ಟು ಹೊರಟವರ ಮಕ್ಕಳು ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ನಮ್ಮ ಶಾಲೆಯಲ್ಲಿ ಓದಿದ್ದಾರೆ. ಈ ಪುಟಗಳನ್ನು ಓದುತ್ತಲೂ ಇದ್ದಾರೆ. ಅವರ ಪಾಲಿನ ಕಣ್ಣೀರನ್ನು ಆಕಾಶದ ಕಣ್ಣು ಬರಿಯ ನೀಲಿಯ ಬಣ್ಣವಾಗಿ ಮಾಡಿಬಿಟ್ಟರೆ, ಅಂತಹ ಚೆಲುವನ್ನು ಏನೆಂದು ಹೊಗಳೋಣ?

ಹಾಗೆಂದು ಆ ಪಟವನ್ನು ಮುಚ್ಚಿಡುವುದು ನಮಗೆ ಸರಿತೋರಲಿಲ್ಲ. ಮೇಲಿನಿಂದ ನೋಡುವ ವಿದ್ಯೆ ನಮ್ಮ ಹೆಣ್ಣುಮಕ್ಕಳಿಗೆ ಹೊಸದೇನೂ ಅಲ್ಲ. ಬಾಗಿ ರಂಗವಲ್ಲಿಯನ್ನು ಬಿಡಿಸಿದವಳು ಎದ್ದುನಿಂತು ಅದನ್ನು ಮೇಲಿನಿಂದಲೇ ನೋಡುವಳು. ಎಳೆ ತಪ್ಪಿದಲ್ಲಿ ಮತ್ತೆ ಬಾಗುವಳು. ನಮ್ಮ ಸೀಮೆಯ ದೀವರ ಹೆಂಗಳೆಯರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರದಲ್ಲಿ ಪ್ರತಿಯೊಂದು ಎಳೆಗೂ ಹೆಸರುಂಟು, ಅರ್ಥವುಂಟು. ಅರ್ಥ ತಿಳಿಯದವನಿಗೆ ಅದು ಬರಿಯ ಗೆರೆ. ಆಕಾಶಚಿತ್ರಕ್ಕೂ ಬೇಕಾದುದು ಇದೇ: ನಿಂತು ನೋಡಿದವರು ಮತ್ತೆ ಬಾಗಬೇಕು, ಗೆರೆಗೆ ಹೆಸರನ್ನು ಕೂಡಿಸಬೇಕು.

ಆ ಬಾಲಿಕೆಯು ಮರುವಾರ ಅಜ್ಜನನ್ನು ಕೇಳಿಕೊಂಡು ಬಂದು, ಪಟದ ಮೇಲೆ ಹೊದಿಸಿದ ತೆಳುಕಾಗದದಲ್ಲಿ ಊರಿನ ಹೆಸರು, ಹೊಳೆಗೆ ಇಳಿಯುವ ದಾರಿ, ಮನೆಯ ಮುಂದಿನ ಹಲಸಿನ ಮರ ಇಷ್ಟನ್ನೂ ಪೆನ್ಸಿಲಿನಿಂದ ಗುರುತಿಸಿದಳು. ಅದನ್ನು ನಮ್ಮ ಪುಸ್ತಕಾಲಯದಲ್ಲಿ ಕಟ್ಟುಹಾಕಿಸಿ ಇಟ್ಟಿದ್ದೇವೆ. ಕಾಗದದಲ್ಲಿ ಇನ್ನೂ ಬಹಳ ಸ್ಥಳವಿದೆ.

ಆದುದರಿಂದ ಪ್ರಿಯ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕ ಮಹಾಶಯರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ. ನಿಮ್ಮ ಮನೆಯ ಹಿರಿಯರು ಬಿಟ್ಟುಬಂದ ಊರಿನ ಹೆಸರು, ಕೇರಿಯ ಹೆಸರು, ಕೆರೆಯ ಹೆಸರು ನೆನಪಿನಲ್ಲಿದ್ದರೆ ಅವರು ಇರುವಾಗಲೇ ಕೇಳಿ ಬರೆದುಕೊಳ್ಳಿರಿ. ಶಾಲೆಯ ಕಡೆಗೆ ಬಂದಾಗ ತನ್ನಿರಿ. ಪಟವು ಗೋಡೆಯ ಮೇಲಿದೆ. ಪೆನ್ಸಿಲು ಅದರ ಕೆಳಗೇ ಮೇಜಿನ ಮೇಲಿರುತ್ತದೆ.