ಹಾಂಕಿ ಟಾಂಕ್

ಮಕ್ಕಳ ಸಂಗೀತಾಭ್ಯಾಸಕ್ಕೆಂದು ನಮ್ಮ ಮನೆಗಳಿಗೆ ಬರುವ ವಿದ್ಯುತ್ ಕೀಬೋರ್ಡುಗಳ ನಾದಪಟ್ಟಿಯಲ್ಲಿ 'ಹಾಂಕಿ ಟಾಂಕ್ ಪಿಯಾನೋ' ಎಂಬುದೊಂದುಂಟು. 1991ರಲ್ಲಿ ರೂಪುಗೊಂಡ ಜನರಲ್ ಮಿಡಿ ಎಂಬ ಕಟ್ಟಳೆಯ 128 ನಾದಗಳಲ್ಲಿ ಅದು 4ನೆಯದು. ಕೇಳಿದವರು ವಾದ್ಯವೇ ಕೆಟ್ಟಿತೆಂದು ಗಾಬರಿಯಾಗಬೇಕು, ಅಂಥ ಕದಡಿದ ಶ್ರುತಿ!

ಅಮೆರಿಕದ ಟೆಕ್ಸಾಸ್, ಓಕ್ಲಹೋಮ ಸೀಮೆಗಳಲ್ಲಿ ಅಗ್ಗದ ಮದ್ಯ, ಹಾಡು, ಕುಣಿತ ಮೂರೂ ಒಂದೇ ಸೂರಿನಡಿ ದೊರೆಯುತ್ತಿದ್ದ ಅಂಗಡಿಗೆ ಬಿದ್ದ ಅಡ್ಡಹೆಸರದು. ನಮ್ಮ ಗಡಂಗಿಗಿದ್ದಷ್ಟೇ ಮರ್ಯಾದೆ ಅದಕ್ಕೂ. 1890ರ ದಶಕದ ಪತ್ರಿಕೆಗಳಲ್ಲಿ 'ಹಾಂಕ್-ಎ-ಟಾಂಕ್' ಎಂಬ ರೂಪ ಕಾಣುತ್ತದೆ. ಹೆಬ್ಬಾತುಗಳ ಕೂಗಿನಿಂದ ಬಂತೆನ್ನುವರು ಕೆಲವರು. ಟಾಂಕ್ ಮನೆತನದವರು ತಯಾರಿಸಿದ ಪಿಯಾನೋಗಳಿಂದ ಎನ್ನುವರು ಮತ್ತೆ ಕೆಲವರು. ಈ ಎರಡನೆಯ ಊಹೆ ಶಬ್ದದ ಉತ್ತರಾರ್ಧವನ್ನು ವಿವರಿಸಿ ಪೂರ್ವಾರ್ಧವನ್ನು ಅನಾಥವಾಗಿ ಬಿಡುತ್ತದೆ. ನಿಘಂಟುಕಾರರು 'ಮೂಲ ಅಜ್ಞಾತ' ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಕನ್ನಡದ ಕಿವಿಗಾದರೋ ಅದು ದಡಬಡ, ಗಲಗಲಗಳ ಬಳಗವೇ. ಕೇಶಿರಾಜನ ಕೈಗೆ ಸಿಕ್ಕಿದ್ದರೆ ಅನುಕರಣ ಶಬ್ದಗಳ ಸಾಲಿನಲ್ಲಿ ಕೂರಿಸಿಬಿಡುತ್ತಿದ್ದನೋ ಏನೋ!

ಆ ಅಂಗಡಿಗಳ ಪಿಯಾನೋಗಳಿಗೆ ಆರೈಕೆ ಕಡಮೆ. ಕೆಲವು ಮನೆಗಳು ಉಲಿಯುತ್ತಲೇ ಇರಲಿಲ್ಲ. ನುಡಿಸುವವನು ಮಾಧುರ್ಯದ ಆಸೆ ಬಿಟ್ಟು ಲಯವನ್ನು ಹಿಡಿದ.

1920ರಿಂದ 1933ರವರೆಗೆ ಅಲ್ಲಿ ಪಾನನಿರೋಧವಿತ್ತು. ಅದು ತೊಲಗಿದೊಡನೆ ಟೆಕ್ಸಾಸಿನ ಊರಂಚುಗಳಲ್ಲಿ, ಎಣ್ಣೆಬಾವಿಗಳ ಕೂಲಿಕಾರರಿಗಾಗಿ, ಇಂಥ ಅಂಗಡಿಗಳು ತಲೆಯೆತ್ತಿದವು. ಆ ಗದ್ದಲದಲ್ಲಿ ಮೆಲುದನಿಯ ತಂತಿವಾದ್ಯ ಕೇಳಿಸುವುದೆಂತು? ವಿದ್ಯುತ್ ಗಿಟಾರು ಬಂತು, ಕಾಸು ಹಾಕಿದರೆ ಹಾಡುವ ಪೆಟ್ಟಿಗೆ ಬಂತು. ತಾಯಿ, ತವರು, ಇಗರ್ಜಿಗಳನ್ನು ಹಾಡುತ್ತಿದ್ದ ಹಳ್ಳಿಯ ಗೀತೆಗೆ ಕುಡಿತ, ಒಡೆದ ಸಂಸಾರ, ಪಶ್ಚಾತ್ತಾಪಗಳು ವಸ್ತುಗಳಾದವು. 1936ರಲ್ಲಿ ಆಲ್ ಡೆಕ್ಸ್ಟರ್ ಈ ಪದವನ್ನೇ ಶೀರ್ಷಿಕೆಯಲ್ಲಿಟ್ಟು 'ಹಾಂಕಿ ಟಾಂಕ್ ಬ್ಲೂಸ್' ಹಾಡಿದ.

1952ರಲ್ಲಿ ಹ್ಯಾಂಕ್ ಥಾಂಪ್ಸನ್ನನ ಹಾಡೊಂದು ಮನೆ ತೊರೆದು ದೀಪಗಳ ಬೆಳಕಿಗೆ ಹೋದ ಹೆಣ್ಣನ್ನು ದೂರಿತು. ಅಂಥವಳು ದೇವರ ಸೃಷ್ಟಿಯಂತೆ! ಅದೇ ವರ್ಷ, ಅದೇ ಧಾಟಿಯಲ್ಲಿ ಉತ್ತರ ಬಂತು. ಆಕೆಯನ್ನು ದೇವರು ಹಾಗೆ ಮಾಡಲಿಲ್ಲ, ಮದುವೆಯಾಗಿಯೂ ಆಗದವರಂತೆ ನಡೆಯುವ ಗಂಡಸರು ಮಾಡಿದರು ಎಂಬುದು ಅದರ ತಾತ್ಪರ್ಯ. ಹಾಡಿದವರು ಕಿಟ್ಟಿ ವೆಲ್ಸ್, ಮೂರು ಮಕ್ಕಳ ತಾಯಿ. ಗಾಯನವನ್ನೇ ಬಿಡುವ ಯೋಚನೆಯಲ್ಲಿದ್ದ ಆಕೆ 125 ಡಾಲರುಗಳ ಸಂಭಾವನೆ ಬರುವುದಲ್ಲಾ ಎಂದು ಒಪ್ಪಿದ್ದರಂತೆ. ಎನ್.ಬಿ.ಸಿ. ರೇಡಿಯೋ ಅದನ್ನು ಪ್ರಸಾರ ಮಾಡಲೊಲ್ಲದಾಯಿತು. ಆದರೂ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಹಾಡು ಮೊದಲ ಸ್ಥಾನಕ್ಕೇರಿತು. ಒಬ್ಬಳೇ ಹಾಡಿದ ಹೆಣ್ಣಿಗೆ ಆ ಪಟ್ಟಿಯಲ್ಲಿ ಆ ಸ್ಥಾನ ಅದುವರೆಗೆ ದೊರೆತಿರಲಿಲ್ಲ.