ತುಂಡುಬಟ್ಟೆಯ ಕೌದಿ



ಬಿಡುವಿನ ವೇಳೆಯಲ್ಲಿ ಮನೆಯಲ್ಲಿಯೇ ಕುಳಿತು ಮಾಡತಕ್ಕ ಕೈಗೆಲಸವೊಂದನ್ನು ಕುರಿತು ಬರೆಯಬೇಕೆಂದು ಈ ಸಂಚಿಕೆಯವರು ನನ್ನನ್ನು ಕೇಳಿಕೊಂಡರು. ಕೆಲಸವು ಸುಲಭವಾಗಿರಬೇಕು, ಖರ್ಚು ಅಲ್ಪವಾಗಿರಬೇಕು ಎಂಬ ಎರಡು ಷರತ್ತುಗಳನ್ನೂ ಹಾಕಿದರು. ಹವ್ಯಾಸವೆಂಬ ಹೆಸರಿನಿಂದ ಈಗ ಅಂಗಡಿಗಳಲ್ಲಿ ಮಾರುವ ಪೆಟ್ಟಿಗೆಗಳನ್ನು ನೋಡಿದರೆ ಎರಡನೆಯ ಷರತ್ತು ಅಲ್ಲಿಯೇ ಮುರಿದುಬೀಳುವದು. ಬಣ್ಣ, ಅಂಟು, ಮಣಿ, ಚೌಕಟ್ಟು ಇವೆಲ್ಲವನ್ನೂ ಹಣ ಕೊಟ್ಟು ತಂದ ಮೇಲೆ ನಮ್ಮ ಕೈಗೆ ಉಳಿಯುವದು ಹೇಳಿದ ಸ್ಥಳದಲ್ಲಿ ಅಂಟಿಸುವ ಕೆಲಸ ಮಾತ್ರ. ಕಸೂತಿಯ ವಿಷಯ ಬರೆಯೋಣವೆಂದರೆ ಅದು ಸುಲಭವಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಗವಂತಿ, ಮುರಗಿ ಹಾಕುವಷ್ಟರಲ್ಲಿ ಚಿಕ್ಕ ಹುಡುಗಿಯರ ತಾಳ್ಮೆ ತೀರಿಹೋಗುವದು. ಆದಕಾರಣ ನಾನು ಕೌದಿಯನ್ನು ಆರಿಸಿಕೊಂಡೆನು.

ಕೌದಿ ಎಂದರೇನೆಂದು ಧಾರವಾಡ, ವಿಜಯಪುರ, ಕೊಪ್ಪಳದ ಕಡೆಯವರಿಗೆ ಹೇಳಬೇಕಾದದ್ದಿಲ್ಲ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಅವುಗಳ ಮೇಲೆ ತುಂಡುಬಟ್ಟೆಗಳನ್ನು ಜೋಡಿಸಿ, ಕೈಸೂಜಿಯಿಂದ ಒತ್ತೊತ್ತಾಗಿ ಹೊಲಿದ ಹೊದಿಕೆಯೇ ಕೌದಿ. ಪದರಗಳ ನಡುವೆ ಗಾಳಿಯು ಸಿಕ್ಕಿಕೊಳ್ಳುವದರಿಂದ ಅದು ಚಳಿಗೆ ಬೆಚ್ಚಗಿರುವದು. ಸಾಲುಸಾಲಾದ ಹೊಲಿಗೆಯು ಜೀರ್ಣವಾದ ಬಟ್ಟೆಯನ್ನು ಹರಿಯಗೊಡದೆ ಹಿಡಿದಿರುವದು. ತೊಟ್ಟಿಲಿನ ಕೂಸಿಗೂ ಕೌದಿ, ಮುದುಕರ ಹಾಸಿಗೆಗೂ ಕೌದಿ.

ಬೆಂಗಳೂರಿನ ಬೊಮ್ಮನಹಳ್ಳಿಯಲ್ಲಿ ವಾಸಿಸುವ ನನಗೆ ಇದರ ನೆನಪಾದದ್ದು ಹೇಗೆಂದು ನೀವು ಕೇಳಬಹುದು. 2007ರವರೆಗೆ ತನ್ನದೇ ನಗರಸಭೆಯುಳ್ಳದ್ದಾಗಿದ್ದ ಈ ಊರಿನಲ್ಲಿ ಹೊಸೂರು ರಸ್ತೆಯ ಅಕ್ಕಪಕ್ಕ ಸಿದ್ಧ ಉಡುಪಿನ ಕಾರ್ಖಾನೆಗಳಿವೆ. ಮುಂಜಾನೆ ಬುತ್ತಿಯ ಚೀಲ ಹಿಡಿದು ಸಾಲಾಗಿ ನಡೆಯುವ ಹೆಣ್ಣುಮಕ್ಕಳನ್ನು ನೋಡದವರು ಇಲ್ಲಿ ಯಾರೂ ಇಲ್ಲ. 2016ರ ಏಪ್ರಿಲ್ ತಿಂಗಳಲ್ಲಿ ಭವಿಷ್ಯನಿಧಿಯ ಹಣವನ್ನು ಹಿಂದೆಗೆಯುವ ನಿಯಮವು ಬದಲಾಯಿತೆಂದು ಈ ಹೆಣ್ಣುಮಕ್ಕಳೇ ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡು ದಿನಗಳೊಳಗೆ ಸರಕಾರವು ಆ ನಿಯಮವನ್ನು ಹಿಂತೆಗೆದುಕೊಂಡಿತು. ಇಂಥ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ತುಂಡುಬಟ್ಟೆಯು ತೂಕದ ಲೆಕ್ಕದಲ್ಲಿ ಮಾರಾಟಕ್ಕೆ ಬರುವದು. ಕೌದಿಗೆ ಇದಕ್ಕಿಂತ ಅಗ್ಗದ ಸಾಮಾನು ಯಾವದಿದ್ದೀತು?

ನನ್ನ ನೆರೆಮನೆಯಾಕೆ ಇಂಥ ಒಂದು ಕಾರ್ಖಾನೆಯಲ್ಲಿ ಕೆಲಸಮಾಡುವಳು, ಕೊಪ್ಪಳದ ಕಡೆಯವಳು. ಹೊಲಿಗೆ ಬಲ್ಲವಳಲ್ಲವೇ, ಮಗಳಿಗೊಂದು ಲಂಗ ನೀನೇ ಹೊಲಿಯಬಾರದೇ ಎಂದು ಒಮ್ಮೆ ಕೇಳಿದಾಗ ಆಕೆ ನಕ್ಕು, "ಇಡೀ ದಿನ ಕಾಲರ್ ಒಂದ ಹೊಲೀತೀನ್ರೀ ಅಕ್ಕಾರ. ಹನ್ನೊಂದ ವರ್ಷ ಆತು, ಪೂರಾ ಅಂಗಿ ಒಂದೂ ಹೊಲದಿಲ್ಲ," ಎಂದಳು. ಒಬ್ಬಳು ತೋಳು, ಇನ್ನೊಬ್ಬಳು ಜೇಬು, ಮತ್ತೊಬ್ಬಳು ಗುಂಡಿ. ತಾಸಿಗೆ ಇಷ್ಟೆಂದು ಲೆಕ್ಕ. ಅಂಗಿ ಪೂರ್ತಿಯಾಗುವಷ್ಟರಲ್ಲಿ ಅದು ಆಕೆಯ ಕಣ್ಣಿನಿಂದ ದೂರವಾಗಿರುವದು. ಹೊಲಿಗೆಯೇ ಹೊಟ್ಟೆಪಾಡಾದವಳಿಗೆ ಹೊಲಿಗೆಯೇ ಮನೋರಂಜನೆಯಾದೀತೇ ಎಂದು ನಾನು ಸಂಶಯಪಟ್ಟೆನು. ಆದರೆ ಕೌದಿಯ ಮಾತೆತ್ತಿದವಳು ಆಕೆಯೇ. ಅದಕ್ಕೆ ಯಂತ್ರ ಬೇಡ, ಆದಿಯಿಂದ ಅಂತ್ಯದವರೆಗೆ ಒಂದೇ ಮನೆಯ ಕೈಗಳಲ್ಲಿಯೇ ಇರುವದು.

ಇನ್ನು ಮಾಡುವ ಕ್ರಮ. ಮೊದಲ ಸಲಕ್ಕೆ ದೊಡ್ಡ ಕೌದಿಗೆ ಕೈಹಾಕಬಾರದು. ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲದ ಕೂಸಿನ ಕೌದಿಯೇ ಸಾಕು. ಹತ್ತಿಬಟ್ಟೆಯನ್ನು ಮಾತ್ರ ಆರಿಸಿರಿ. ಪಾಲಿಯೆಸ್ಟರ್ ಬಟ್ಟೆಯು ಬೆವರನ್ನು ಹೀರುವದಿಲ್ಲ, ಸೂಜಿಯ ಕೆಳಗೆ ಜಾರುವದು. ಕಾರ್ಖಾನೆಯ ಹೊಸ ತುಂಡುಗಳನ್ನು ಮೊದಲೇ ನೀರಿನಲ್ಲಿ ನೆನೆಸಿ ಒಗೆದು ಒಣಗಿಸುವದು ಬಹಳ ಅವಶ್ಯ. ಹೊಸ ಹತ್ತಿಯು ಒಗೆದಾಗ ಕುಗ್ಗುವದು, ಹಳೆಯ ಸೀರೆಯು ಕುಗ್ಗಿ ಮುಗಿದಿರುವದು; ಎರಡನ್ನೂ ಹಾಗೆಯೇ ಕೂಡಿಸಿದರೆ ಮೊದಲನೆಯ ಒಗೆತದಲ್ಲಿಯೇ ಕೌದಿಯ ಮುಖ ಸುಕ್ಕುಗಟ್ಟುವದು. ಬಣ್ಣ ಬಿಡುವ ತುಂಡುಗಳೂ ಆಗಲೇ ಗೊತ್ತಾಗುವವು. ಬಳಿಕ ಹಳೆಯ ಬಟ್ಟೆಯ ಎರಡು ಮೂರು ಪದರಗಳನ್ನು ನೆಲದ ಮೇಲೆ ಸುಕ್ಕಿಲ್ಲದೆ ಹಾಸಿ, ಸುತ್ತಲೂ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಹಿಡಿತಕ್ಕೆ ತರಬೇಕು. ತುಂಡುಗಳ ಅಂಚನ್ನು ಒಳಕ್ಕೆ ಮಡಿಸಿ ಒಂದೊಂದನ್ನೇ ಇಟ್ಟು, ದಪ್ಪ ನೂಲಿನಿಂದ ಬೆರಳಗಲಕ್ಕೊಂದು ಸಾಲಿನಂತೆ ಹೊಲಿಯುತ್ತ ಹೋಗಬೇಕು. ದಾರವನ್ನು ಎರಡು ಮೊಳಕ್ಕಿಂತ ಉದ್ದ ಮಾಡಿಕೊಂಡರೆ ಗಂಟುಬೀಳುವದು. ಬಣ್ಣಗಳ ಜೋಡಣೆಗೆ ನಾನು ನಿಯಮ ಹೇಳಲೊಲ್ಲೆ. ಮಕ್ಕಳು ನಮಗಿಂತ ಚೆನ್ನಾಗಿ ಜೋಡಿಸುವರು.

ಹೊಲಿಗೆಯನ್ನು ಎಲ್ಲಿಂದ ಆರಂಭಿಸಬೇಕೆಂಬದರಲ್ಲಿ ಉತ್ತರ ಕನ್ನಡದ ಸಿದ್ದಿ ಹೆಂಗಸರ ರೀತಿಯು ನನಗೆ ಮೆಚ್ಚಿಗೆಯಾಗಿದೆ. ಹಿಂದಿನ ಶತಮಾನಗಳಲ್ಲಿ ಆಫ್ರಿಕದಿಂದ ಈ ದೇಶಕ್ಕೆ ತರಲ್ಪಟ್ಟವರ ಸಂತತಿಯವರಾದ ಇವರು ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸೀಮೆಯಲ್ಲಿದ್ದಾರೆ. ಅವರಲ್ಲಿ ಕ್ರೈಸ್ತರೂ ಮುಸಲ್ಮಾನರೂ ಹಿಂದೂಗಳೂ ಉಂಟು. ಇವರು ಹೊದಿಕೆಯ ಒಂದು ಮೂಲೆಯಿಂದ ತೊಡಗಿ, ಅಂಚನ್ನು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವರು. ಚೌಕಟ್ಟಾಗಲಿ ಮೇಜಾಗಲಿ ಬೇಡ, ತೊಡೆಯ ಮೇಲಿಟ್ಟುಕೊಂಡರೆ ಆಯಿತು. ನಾಲ್ಕು ಮೂಲೆಗಳಿಗೂ ಮಡಿಸಿದ ಚಿಕ್ಕ ತುಂಡುಗಳನ್ನು ಹೂವಿನಂತೆ ಇಡುವರು. ಇಡದಿದ್ದರೆ ಅವರ ದೃಷ್ಟಿಯಲ್ಲಿ ಹೊದಿಕೆಯು ಬತ್ತಲೆಯೇ ಸರಿ.

ಈ ವರ್ಷ ನೆರೆಮನೆಯಾಕೆಯು ಕೌದಿಗೆ ಕೈಹಚ್ಚಿದಾಗ ಒಂದು ಸಂಕಟ ಬಂದಿತು. ಅಡಿಗೆ ಹಾಸಲು ಹಳೆಯ ಸೀರೆಯೆಂದು ಆಕೆಯಲ್ಲಿದ್ದದ್ದು ತೀರಿಹೋದ ತಾಯಿಯ ಇಳಕಲ್ಲ ಸೀರೆಯೊಂದೇ. ಅದು ಮಡಿಕೆಮಡಿಕೆಗೆ ಜಿರಿದು, ಉಡುವಂತಿರಲಿಲ್ಲ. ಎರಡು ವರ್ಷಗಳಿಂದ ಟ್ರಂಕಿನಲ್ಲಿಯೇ ಇತ್ತು. ಏಳನೆಯ ತರಗತಿಯ ಮಗಳು ಕತ್ತರಿ ಹಿಡಿದು ನಿಂತಿದ್ದಳು. "ಇದನ್ನ ಕತ್ತರಿಸಿದ್ರ ಅವ್ವನ್ನ ಇನ್ನೊಮ್ಮಿ ಕಳಕೊಂಡಂಗ ಆಕ್ಕೈತ್ರೀ," ಎಂದು ತಾಯಿ ನನ್ನ ಮುಖ ನೋಡಿದಳು. ಇಂಥ ಕಡೆ ಹೊರಗಿನವರು ಬುದ್ಧಿ ಹೇಳುವದು ಯೋಗ್ಯವಲ್ಲವೆಂದು ನಾನು ಸುಮ್ಮನಿದ್ದೆನು. ಒಂದು ವಾರ ಕೆಲಸ ನಿಂತಿತು.

ದಾರಿ ಹುಡುಕಿದವಳು ಮಗಳೇ. ಎಂಟು ಗಜದ ಸೀರೆಯನ್ನು ನಾಲ್ಕಾಗಿ ಮಡಿಸಿದರೆ ಎರಡು ಗಜವಾಗುವದು. ಒಬ್ಬರು ಹೊದ್ದು ಮಲಗುವ ಅಳತೆ ಅದೇ. ಸವೆದ ಸೀರೆಯಾದುದರಿಂದ ನಾಲ್ಕು ಪದರವಾದರೂ ಸೂಜಿ ಸರಾಗವಾಗಿ ಇಳಿಯುವದು. ಹೀಗೆ ಕತ್ತರಿ ತಾಗಿಸದೆ ಇಡೀ ಸೀರೆಯನ್ನೇ ಮಡಿಸಿ ಹಾಸಿದರು. ತೋಪ ತೆನಿಯ ಕೆಂಪು ಸೆರಗು ಕೆಳಮೈಗೆ, ಮೈಗೆ ತಗಲುವಂತೆ ಬಂದಿತು; ಮೇಲ್ಮೈಗೆ ಕಾರ್ಖಾನೆಯ ತುಂಡುಗಳು, ನೀಲಿಯೂ ಬೂದಿಯೂ ಪಟ್ಟೆಪಟ್ಟೆಯವೂ.

ಭಾನುವಾರ ಮಧ್ಯಾಹ್ನ ಬಟ್ಟೆ ಒಗೆದು ಹರಡಿದ ಮೇಲೆ ಒಂದು ತಾಸು ತಾಯಿಮಗಳು ಎದುರುಬದುರಾಗಿ ಕುಳಿತು ಹೊಲಿಯುವರು. ಎರಡು ಬದಿ ಮುಗಿದಿವೆ. ಮಗಳ ಹೊಲಿಗೆಯು ದೊಡ್ಡದು, ಸೊಟ್ಟ ಕೂಡ. ಕಾರ್ಖಾನೆಯಲ್ಲಾಗಿದ್ದರೆ ಅಂಥ ಬಟ್ಟೆಯು ಬಿಚ್ಚಿ ಹೊಲಿಯಲು ಹಿಂದಕ್ಕೆ ಬರುತ್ತಿತ್ತು. ತಾಯಿಯು ಅದನ್ನು ಬಿಚ್ಚಿಸಿಲ್ಲ.