ಗಿರ್ಮಿಟ್

ಅನುವಾದದ ಕೆಲಸಕ್ಕೆ ಅರ್ಜಿ ಹಾಕಿದರೆ ಏಜೆನ್ಸಿಯವರ ಪಟ್ಟಿ ಬರುತ್ತದೆ: ಆಧಾರ್, ಪ್ಯಾನ್, ಅಂಕಪಟ್ಟಿ, ಕ್ಯಾನ್ಸಲ್ ಮಾಡಿದ ಚೆಕ್, 3 ತಿಂಗಳ ಸ್ಯಾಲರಿ ಸ್ಲಿಪ್. ನಾನು ಫ್ರೀಲಾನ್ಸರ್, ಸಂಬಳವೇ ಇಲ್ಲದವಳು ಸ್ಲಿಪ್ ಎಲ್ಲಿಂದ ತರಲಿ? ಜೊತೆಗೆ 800 ಪದಗಳ ‘ಪರೀಕ್ಷೆ’, ಪುಕ್ಕಟೆ. ಪದಕ್ಕೆ ಎಷ್ಟು ಕೊಡುತ್ತೀರಿ ಎಂದರೆ ಮಾತ್ರ, ‘ಆಯ್ಕೆಯಾದ ಮೇಲೆ ತಿಳಿಸುತ್ತೇವೆ.’

ನಾನಿರುವ ಖಿದಿರ್‌ಪುರಕ್ಕೆ ಇದು ಹೊಸದಲ್ಲ. 1834ರಿಂದ 1917ರ ನಡುವೆ ಕೋಲ್ಕತ್ತದ ಈ ಹೂಗ್ಲಿ ದಂಡೆಯಿಂದ ಕರಾರಿನ ಕೂಲಿಗಳನ್ನು ಮಾರಿಷಸ್, ಗಯಾನಾ, ಸುರಿನಾಮ್, ಫಿಜಿಗೆ ಹಡಗು ಹತ್ತಿಸಿದರು. ಹಳ್ಳಿಗಳಿಂದ ಜನರನ್ನು ಪುಸಲಾಯಿಸಿ ತರುವ ದಲ್ಲಾಳಿಯನ್ನು ಅರ್ಕಾಟಿ ಎನ್ನುತ್ತಿದ್ದರು. ಕೂಲಿಯ ವಲಸೆ ಪಾಸಿನಲ್ಲಿ ತಂದೆಯ ಹೆಸರು, ವಯಸ್ಸು, ಜಾತಿ, ಊರು, ಎತ್ತರ, ಮೈಮೇಲಿನ ಗುರುತು ಎಲ್ಲ ದಾಖಲಾಗುತ್ತಿತ್ತು. ಅರ್ಕಾಟಿ ಕೊಟ್ಟ ಭರವಸೆಗಳಿಗೆ ಅದರಲ್ಲಿ ಕಾಲಂ ಇರಲಿಲ್ಲ. ‘ಅಗ್ರಿಮೆಂಟ್’ ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. ನಮ್ಮ ಹುಬ್ಬಳ್ಳಿಯ ಮಂಡಕ್ಕಿಯ ಗಿರ್ಮಿಟ್ ಅಲ್ಲ, 5 ವರ್ಷದ ದುಡಿಮೆ.

ಅವರ ಬವಣೆಗೆ ನನ್ನದು ಹೋಲಿಕೆಯೇ ಅಲ್ಲ. ಬೇಡ ಎಂದು ಹೇಳಿ ನಾನು ಮನೆಯಲ್ಲಿ ಕೂರಬಹುದು. ಆದರೆ ಕೆಲಸ ಕೇಳುವವರೇ ಎಲ್ಲ ಬರೆದುಕೊಡಬೇಕು, ಕೊಡುವವರು ಬಾಯಿಮಾತಲ್ಲೇ ಮುಗಿಸಬಹುದು ಎಂಬ ಪದ್ಧತಿ ಹಾಗೇ ಉಳಿದಿದೆ.

ಈಗ ನಾನೂ ಪಟ್ಟಿ ಕಳಿಸುತ್ತೇನೆ: ಪದಕ್ಕೆ ದರ, ಹಣ ಕೊಡುವ ದಿನಾಂಕ, ಪರೀಕ್ಷೆಗೂ ಸಂಭಾವನೆ. ಕೆಲವರು ಉತ್ತರಿಸುವುದಿಲ್ಲ. ಅವರಿಗೆ ನನ್ನ ಅಂಕಪಟ್ಟಿಯೂ ಹೋಗುವುದಿಲ್ಲ.